ತವರಿಗೆ ಬಂದ ಮೀನು

ನಮ್ಮ ಹಳೆಯ ಕವಿಗಳ ಮಹಾಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳು ಇರಲೇಬೇಕು. ಅವುಗಳಲ್ಲಿ ಸಮುದ್ರವೂ ಒಂದು. ಆ ಭಾಗ ಬಂದಾಗಲೆಲ್ಲ ನಾನು ತರಗತಿಯಲ್ಲಿ ಒಂದು ಹಳೆಯ ಚಮತ್ಕಾರವನ್ನು ಪ್ರಯೋಗಿಸುವುದುಂಟು. ತಿಮಿಯೆಂಬುದು ಮಹಾಮತ್ಸ್ಯ, ಅದನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗುವುದು ತಿಮಿಂಗಿಲಗಿಲ! ಹುಡುಗರು ನಗುತ್ತಾರೆ, ಗಂಟೆ ಬಾರಿಸುತ್ತದೆ. ತುಮಕೂರಿನ ಒಣನೆಲದಲ್ಲಿ ಹುಟ್ಟಿ, ಮೀನು ಮುಟ್ಟದ ಮನೆಯಲ್ಲಿ ಬೆಳೆದ ನನಗೆ ಕಡಲಿನ ಅರಿವು ಅಷ್ಟೇ.

ಕಳೆದ ಚಳಿಗಾಲದ ರಜೆಯಲ್ಲಿ ಅಮ್ಮನನ್ನು ಸೋಮನಾಥಕ್ಕೆ ಕರೆದೊಯ್ದಿದ್ದೆ. ದರ್ಶನವಾದ ಮೇಲೆ ಸಮೀಪದ ವೇರಾವಳ ಬಂದರನ್ನೂ ನೋಡಬೇಕೆಂದು ಹೊರಟೆವು. ವಾಸನೆಗೆ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರೂ ಹಿಂದಿರುಗೋಣವೆನ್ನಲಿಲ್ಲ. ದೋಣಿಯ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ನಮ್ಮನ್ನು ಕುಳ್ಳಿರಿಸಿಕೊಂಡು, ನನ್ನ ಮುರುಕು ಹಿಂದಿಗೂ ತನ್ನ ಗುಜರಾತಿ ಬೆರೆತ ಹಿಂದಿಗೂ ನಡುವೆ ಹೇಗೋ ಸೇತುವೆ ಕಟ್ಟಿ, ತಿಮಿಂಗಿಲ ಶಾರ್ಕಿನ ಕಥೆ ಹೇಳಿದ.

ಹೆಸರಿಗೆ ತಿಮಿಂಗಿಲವಾದರೂ ಅದು ಮೀನೇ. ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದು. ಬಸ್ಸಿನಷ್ಟು ದೇಹ, ಬೆನ್ನ ತುಂಬ ರಂಗವಲ್ಲಿಯಿಟ್ಟಂತೆ ಬಿಳಿಯ ಚುಕ್ಕೆಗಳು. ಆಹಾರವೆಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಸಣ್ಣ ಮೀನುಗಳು. ನನ್ನ ತಿಮಿಂಗಿಲಗಿಲ ಅಲ್ಲಿಗೇ ಮುಗಿಯಿತು! ಸೌರಾಷ್ಟ್ರದ ತೀರದಲ್ಲಿ ಹಿಂದೆ ಅದಕ್ಕೆ ‘ಬ್ಯಾರಲ್’ ಎಂದೇ ಹೆಸರು. ಗಾಳ ಚುಚ್ಚಿ, ಖಾಲಿ ಪೀಪಾಯಿಗಳನ್ನು ಕಟ್ಟಿ, ಅದು ಮುಳುಗಲಾರದೆ ದಣಿಯುವವರೆಗೂ ಬೆನ್ನಟ್ಟಿ ಹಿಡಿಯುತ್ತಿದ್ದರು. ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗೆ ನೀರಿಳಿಯದಂತೆ ಬಳಿಯುವುದು ಮೊದಲಿನ ಉಪಯೋಗ. ಅನಂತರ ಹೊರದೇಶದಿಂದ ಮಾಂಸಕ್ಕೂ ರೆಕ್ಕೆಗೂ ಬೇಡಿಕೆ ಬಂದು ಬೇಟೆ ಬೆಳೆಯಿತು. 2000ದಲ್ಲಿ ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ ಚಿತ್ರ ಈ ಹತ್ಯೆಯನ್ನು ಲೋಕಕ್ಕೆ ತೋರಿಸಿತು. 2001ರಲ್ಲಿ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿ ಈ ಮೀನಿಗೆ ರಕ್ಷಣೆ ಕೊಟ್ಟಿತು.

ಆದರೆ ಕಾಯಿದೆ ಕಡಲಿಗೆ ಇಳಿಯುವುದು ಸುಲಭವಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್ ಮತ್ತು ಅರಣ್ಯ ಇಲಾಖೆ ಕೂಡಿ ಒಂದು ಪ್ರಚಾರ ಹೂಡಿದವು; ರಾಮಕಥೆಯ ಪ್ರವಚನಕಾರ ಮೊರಾರಿ ಬಾಪೂ ಅದಕ್ಕೆ ದನಿಯಾದರು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು, ಬಸುರಿ ಮಗಳ ಮೇಲೆ ಕೈ ಮಾಡುವವರುಂಟೆ ಎಂಬುದು ಅವರ ಮಾತಿನ ಸಾರ. ಪೀಪಾಯಿ ಹೋಗಿ ‘ವ್ಹಾಲಿ’, ಎಂದರೆ ಮುದ್ದಿನವಳು, ಎಂಬ ಹೆಸರು ಬಂತು. ಮೂವತ್ತು ಪುಟದ ಅಧಿಸೂಚನೆ ಮಾಡಲಾರದ ಕೆಲಸವನ್ನು ಒಂದು ನಾಮಪದ ಮಾಡಬಲ್ಲದೆಂದು ಕನ್ನಡ ಮೇಷ್ಟರಾದ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಬೇಟೆಯಾಡಿದ ಕೈಗಳೇ ಅಂದಿನಿಂದ ನೂರಾರು ಮೀನುಗಳನ್ನು ಬಲೆ ಕತ್ತರಿಸಿ ಬಿಟ್ಟಿವೆ. ಬಿಟ್ಟದ್ದಕ್ಕೆ ಸಾಕ್ಷಿಯಾಗಿ ತಾವೇ ಚಿತ್ರ ತೆಗೆದು ತೋರಿಸಿದರೆ ಬಲೆಗೆ ಪರಿಹಾರವುಂಟು. ಹಲ್ಲುಳ್ಳ ಶಾರ್ಕುಗಳಿಗೆ ಈ ಭಾಗ್ಯವಿಲ್ಲ. 2015ರಲ್ಲಿ ರೆಕ್ಕೆಗಳ ರಫ್ತು ನಿಷೇಧವಾಯಿತೇನೋ ನಿಜ. ಆದರೆ ಅವನ್ನು ಮಗಳೆಂದು ಕರೆಯಲು ನಾಲಗೆ ತಿರುಗಬೇಕಲ್ಲ!

“ನೀನೂ ಬಲೆ ಕತ್ತರಿಸಿದ್ದೀಯಾ?” ಎಂದು ಕೇಳಿದೆ.

“ಎರಡು ಸಲ. ಮೊದಲ ಸಲದ್ದು ಹೊಸ ಬಲೆ, ಸಾಲದ್ದು.”

“ಮನೆಯಾಕೆ ಏನೆಂದಳು ಕೇಳು” ಎಂದರು ಅಮ್ಮ. ಕೇಳಿದೆ.

“ಬಹಳ ಬೈದಳು. ರಾತ್ರಿ ಬಡಿಸುವಾಗ, ಅದು ಎಷ್ಟು ದೊಡ್ಡದಿತ್ತು ಎಂದು ಕೇಳಿದಳು.”

ಅಮ್ಮ ಮತ್ತೆ ಮಾತಾಡಲಿಲ್ಲ. ಆ ಮೌನದ ಅರ್ಥ ನನಗೆ ಗೊತ್ತಿತ್ತು. ಮೂರು ವರ್ಷಗಳ ಹಿಂದೆ ನನ್ನ ತಂಗಿ ಎರಡನೆಯ ಹೆರಿಗೆಗೆ ಬರುತ್ತೇನೆಂದಾಗ, ಬಾಡಿಗೆಯ ಎರಡು ಕೋಣೆ, ಉತ್ತರಪತ್ರಿಕೆಗಳ ರಾಶಿ, ಮೈಸೂರಿನಲ್ಲೇ ಒಳ್ಳೆಯ ಆಸ್ಪತ್ರೆಗಳಿವೆ ಎಂದೆಲ್ಲ ಬಹು ಸಮಂಜಸವಾಗಿ ವಿವರಿಸಿದ್ದೆ. ಅವಳು ಬರಲಿಲ್ಲ. ಅಮ್ಮನೇ ಪೆಟ್ಟಿಗೆ ಕಟ್ಟಿಕೊಂಡು ಹೋದರು. ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ತಂಗಿಲ್ಲ. ಬಂದರೆ ಸಂಜೆಯ ರೈಲಿಗೇ ಹೊರಡುತ್ತಾಳೆ.

ಹಿಂದಿರುಗುವಾಗ ರೈಲಿನಲ್ಲಿ ಅಮ್ಮ ಅವಳಿಗೆ ಫೋನ್ ಮಾಡಿ, ಸೋಮನಾಥನ ವಿಷಯ ಎರಡು ಮಾತಿನಲ್ಲಿ ಮುಗಿಸಿ, ಮೀನಿನ ಕಥೆಯನ್ನು ಅರ್ಧ ಗಂಟೆ ಹೇಳಿದರು. ಅನಂತರ ಫೋನನ್ನು ನನ್ನ ಕೈಗಿತ್ತು ಕಿಟಕಿಯ ಕಡೆ ತಿರುಗಿಕೊಂಡರು.

“ಆ ಮೀನಿಗೆ ಎಷ್ಟು ಮರಿಯಂತೆ?” ಎಂದಳು ತಂಗಿ.

1995ರಲ್ಲಿ ತೈವಾನಿನಲ್ಲಿ ಸಿಕ್ಕ ಒಂದರ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದುವೆಂದು ಹಿಂದಿನ ರಾತ್ರಿಯಷ್ಟೇ ಓದಿದ್ದೆ. ಹೇಳಿದೆ.

“ಅಯ್ಯೋ, ನಿನ್ನ ಎರಡು ಕೋಣೆ ಹೇಗೆ ಸಾಕಾದೀತು?” ಎಂದು ನಕ್ಕಳು.

ನಾನು ನಗಲಿಲ್ಲ. ಬೇಸಗೆ ರಜೆಗೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಾ, ತಿಂಗಳು ನಿಲ್ಲುವಂತೆ ಬಾ ಎಂದೆ. ಸ್ವಲ್ಪ ಹೊತ್ತು ರೈಲಿನ ಸದ್ದು ಮಾತ್ರ ಕೇಳುತ್ತಿತ್ತು. “ಅವರನ್ನು ಕೇಳಿ ಹೇಳುತ್ತೇನೆ” ಎಂದಳು.