ಬಿದ್ದವರನ್ನು ಎತ್ತುವ ಗದ್ದಲ

ಮಗನ ಕೋಣೆಯಿಂದ ಆ ಸದ್ದು ಕೇಳಿದಾಗ ನಾವು ಮೊದಲು ಮಾಡಿದ್ದು ಬಾಗಿಲು ಬಡಿದದ್ದು. "ಇದೂ ಒಂದು ಹಾಡೇ?" ಎಂದೆವು. "ಅಬ್ಬಾ, ಎರಡು ನಿಮಿಷ ಕೂತು ಕೇಳಿ" ಎಂದ. ಗಝಲ್ ಮತ್ತು ಭಾವಗೀತೆಗಳನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಅದು ತಗಡಿನ ಮೇಲೆ ಕಲ್ಲು ಸುರಿದಂತಿತ್ತು.

ಅದು 'ಪವರ್ ಟ್ರಿಪ್'. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ 2008ರಲ್ಲಿ ಹುಟ್ಟಿದ ತಂಡ. ಪಂಕ್‌ನ ಒರಟು ಬಿರುಸಿಗೆ ಥ್ರಾಶ್ ಮೆಟಲ್‌ನ ಗಿಟಾರ್ ಕೈಚಳಕವನ್ನು ಬೆರೆಸುವುದು ಅವರ ದಾರಿ. ಆ ಬೆರಕೆ ಟೆಕ್ಸಾಸಿಗೆ ಹೊಸದಲ್ಲ. ಹ್ಯೂಸ್ಟನ್‌ನಲ್ಲಿ 1982ರಲ್ಲಿ ಶುರುವಾದ ಡಿ.ಆರ್.ಐ. ತಂಡದ 1987ರ ಆಲ್ಬಮ್ಮಿನ ಹೆಸರೇ 'ಕ್ರಾಸ್‌ಓವರ್'.

ಎರಡು ನಿಮಿಷಕ್ಕೆಂದು ಕೂತವರು ಪವರ್ ಟ್ರಿಪ್‌ನ 2017ರ 'ನೈಟ್‌ಮೇರ್ ಲಾಜಿಕ್'ನ ಎಂಟೂ ಹಾಡುಗಳನ್ನು ಕೇಳಿದೆವು. ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಗದ್ದಲದೊಳಗೆ ಲೆಕ್ಕವಿತ್ತು. ಓಡುತ್ತಿದ್ದ ಡ್ರಮ್ ತಟ್ಟನೆ ನಿಧಾನವಾದಾಗ ನಮ್ಮ ತಲೆಯೂ ತೂಗಿತು. ಮಗ ನಕ್ಕ.

ಅದರಲ್ಲೊಂದು ಹಾಡಿನ ಹೆಸರು 'ಎಕ್ಸಿಕ್ಯೂಷನರ್ಸ್ ಟ್ಯಾಕ್ಸ್', ಅಂದರೆ ತಲೆ ಕಡಿಯುವವನಿಗೆ ಕಟ್ಟುವ ಕಂದಾಯ. ಒಂದೇ ಏಟಿಗೆ ಪ್ರಾಣ ಹೋಗಲೆಂದು ಶಿಕ್ಷೆಗೊಳಗಾದವನೇ ಕೊಡಲಿ ಹಿಡಿದವನಿಗೆ ಹಣ ಕೊಟ್ಟದ್ದು ಇಂಗ್ಲೆಂಡಿನ ಚರಿತ್ರೆಯಲ್ಲಿದೆ. ಕತೆ ಬರೆಯುವ ನಮ್ಮನ್ನು ಆ ಹೆಸರು ಬಿಡಲಿಲ್ಲ.

ನಮಗೆ ಹಿರಿಯರು ಕಲಿಸಿದ್ದು ಸಬರ್. ಅದನ್ನೇ ಮಗನಿಗೂ ಹೇಳಿದೆವು: "ಕಾಲ ಸರಿಯಿಲ್ಲ, ಜೋರಾಗಿ ಮಾತಾಡಬೇಡ." ಆ ಮಾತಿನಲ್ಲಿ ಸಬರ್ ಎಷ್ಟಿತ್ತು, ನಮ್ಮ ಹೆದರಿಕೆ ಎಷ್ಟಿತ್ತು? ಅನ್ಯಾಯ ಕಂಡೂ ಸುಮ್ಮನಿರುವುದು ಅಂಥದೇ ಕಂದಾಯವಲ್ಲವೇ?

ಆಮೇಲೆ ಮಗ ಒಂದು ವಿಡಿಯೋ ತೋರಿಸಿದ. ವೇದಿಕೆಯ ಮುಂದೆ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಸುತ್ತುತ್ತಿದ್ದರು. ಒಬ್ಬ ಬಿದ್ದ. ಮರುಕ್ಷಣವೇ ನಾಲ್ಕಾರು ಕೈಗಳು ಅವನನ್ನು ಎತ್ತಿ ನಿಲ್ಲಿಸಿದವು. ಬಿದ್ದವರನ್ನು ಎತ್ತಬೇಕೆಂಬುದು ಇಂಥ ಕಛೇರಿಗಳ ಅಲಿಖಿತ ನಿಯಮವಂತೆ. ಸಿಟ್ಟಿಗೂ ಅದಬು ಇರಬಹುದೆಂದು ನಾವು ಯೋಚಿಸಿಯೇ ಇರಲಿಲ್ಲ.

ಗಾಯಕ ರೈಲಿ ಗೇಲ್ 2020ರ ಆಗಸ್ಟ್‌ನಲ್ಲಿ, 34ನೇ ವಯಸ್ಸಿಗೇ ತೀರಿಕೊಂಡರು. ಉಳಿದವರು 2023ರಲ್ಲಿ ಹೊಸ ಗಾಯಕನೊಂದಿಗೆ ಮತ್ತೆ ವೇದಿಕೆ ಹತ್ತಿದರು. ಬಿದ್ದ ತಂಡವೂ ಹಾಗೆ ಎದ್ದು ನಿಂತಿತು.

ಆ ಸದ್ದು ನಮಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಆದರೆ ಬಾಗಿಲು ಬಡಿಯುವುದನ್ನು ಬಿಟ್ಟಿದ್ದೇವೆ. ಮಗ್ರಿಬ್‌ನ ಅಜಾನ್ ಕೇಳಿದೊಡನೆ ಮಗನೇ ಹಾಡು ನಿಲ್ಲಿಸುತ್ತಾನೆ. ಅದನ್ನು ನಾವು ಹೇಳಿಕೊಟ್ಟದ್ದಲ್ಲ.