ಮೊದಲ ಅನ್ನ

ಮನೆಗೆ ಮೊಮ್ಮಗು ಬಂದ ವರ್ಷ ಹಿರಿಯರಿಗೆ ಪಂಚಾಂಗವೇ ಹೊಸದಾಗಿ ಕಾಣುವುದು. ಎಪ್ಪತ್ತು ಸಲ ಆಚರಿಸಿದ ಹಬ್ಬವನ್ನೂ ‘ಇದು ಮಗುವಿನ ಮೊದಲನೆಯ ಹಬ್ಬ’ವೆಂದು ಮತ್ತೆ ಒಂದರಿಂದ ಎಣಿಸತೊಡಗುವೆವು. ಆದರೆ ಮಗುವಿಗೆ ಎರಡು ಪಂಚಾಂಗಗಳಿದ್ದಲ್ಲಿ ಈ ಎಣಿಕೆಯು ಅಷ್ಟು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಗೃಹಸ್ಥರಾದ ವಾಚಕರಲ್ಲಿ ನಿವೇದಿಸಬೇಕೆಂದು ತೋರಿದೆ. ಅದರಲ್ಲಿ ನಮ್ಮ ತಪ್ಪೂ ಸೇರಿರುವುದರಿಂದ ಮುಚ್ಚುಮರೆಯಿಲ್ಲದೆ ಬರೆಯುವೆವು.

ನಾವು ತೀರ್ಥಹಳ್ಳಿಯ ಕಡೆಯವರು, ಶಿವಮೊಗ್ಗದಲ್ಲಿ ನೆಲೆಸಿರುವೆವು. ನಮ್ಮ ಮಗನು ಬೆಂಗಳೂರಿನಲ್ಲಿ ತನ್ನೊಡನೆ ಉದ್ಯೋಗದಲ್ಲಿದ್ದ, ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆತನದ ಕನ್ಯೆಯನ್ನು 1954ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ 2019ರಲ್ಲಿ ವರಿಸಿದನು. ಆ ಕಾಯಿದೆಯಂತೆ ನೋಟೀಸು ಕೊಟ್ಟು ಮೂವತ್ತು ದಿನ ಕಾಯಬೇಕಷ್ಟೆ. ಆ ದಿನಗಳಲ್ಲಿಯೇ ಬೀಗಿತ್ತಿಯವರು ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. “ನಿಮ್ಮ ಮನೆಯಲ್ಲಿ ನಾವು ಉಣ್ಣುವಂಥದು ಏನಿದೆ?” ಎಂದು ನಾವು ಅಂದುಬಿಟ್ಟೆವು. ಅವರು ಮರುಮಾತಾಡಲಿಲ್ಲ, ಮತ್ತೆ ಕರೆಯಲೂ ಇಲ್ಲ. ಮದುವೆಯ ದಿನ ಕಚೇರಿಯಲ್ಲಿ ಎರಡು ಕಡೆಯವರೂ ಎರಡು ಬೆಂಚುಗಳ ಮೇಲೆ ಕುಳಿತು ಎದ್ದು ಬಂದೆವು. ಹೀಗೆ ನಾಲ್ಕು ವರ್ಷ ಕಳೆಯಿತು.

2023ರ ಮಾರ್ಚಿ ತಿಂಗಳಲ್ಲಿ ಗಂಡುಮಗು ಹುಟ್ಟಿತು. ನಮ್ಮಲ್ಲಿ ಗಂಡುಮಗುವಿಗೆ ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡುವುದು ರೂಢಿ. ವೈದ್ಯರು ಮಾತ್ರ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಕೂಡದೆಂದು ಹೇಳಿದ್ದರು. ಆದುದರಿಂದ ನಮ್ಮ ಗೃಹಿಣಿಯು ಗಣೇಶನ ಹಬ್ಬದ ತರುವಾಯ ಒಂದು ಶುಭದಿನವನ್ನು ಗೊತ್ತುಮಾಡಿಸಿ, ನಮ್ಮ ಮಗನು ಮೊದಲ ತುತ್ತು ಉಂಡ ಬೆಳ್ಳಿಯ ಬಟ್ಟಲನ್ನು ವಿಭೂತಿಯಿಂದ ಉಜ್ಜಿ ಸಿದ್ಧವಾಗಿಟ್ಟಿದ್ದಳು.

ಆದರೆ ಆ ವರ್ಷ ಅಧಿಕ ಶ್ರಾವಣ ಬಂದು ನಮ್ಮ ಹಬ್ಬಗಳೆಲ್ಲ ಮುಂದಕ್ಕೆ ಹೋಗಿದ್ದವು. ಕೃಷ್ಣಾಷ್ಟಮಿಯು ಸಪ್ಟೆಂಬರ 6ರಂದು ಬಿದ್ದಿತು. ಕರಾವಳಿಯ ಕ್ರೈಸ್ತರ ಮೋಂತಿ ಹಬ್ಬಕ್ಕಾದರೋ ಅಧಿಕಮಾಸದ ತೊಡಕಿಲ್ಲ. ಅದು ಯಾವ ವರ್ಷವೂ ಸಪ್ಟೆಂಬರ 8ರಂದೇ ಬರುವುದು. ಹಬ್ಬಕ್ಕೆಂದು ಸೊಸೆಯು ಮಗುವಿನೊಡನೆ ತವರಿಗೆ ಹೋಗಿದ್ದಳು. ಮಗನು ದೂರವಾಣಿಯಲ್ಲಿ ತಿಳಿಸಿದನು: ಅಂದು ಮನೆಯವರೆಲ್ಲರೂ ಹೊಸ ಭತ್ತದ ಅಕ್ಕಿ ಬೆರೆಸಿದ ಪಾಯಸವನ್ನು ಸೇವಿಸಬೇಕಂತೆ, ಮಗುವಿನ ನಾಲಗೆಗೂ ಒಂದು ತೊಟ್ಟು ಮುಟ್ಟಿಸಬೇಕೆಂದು ಅಲ್ಲಿಯ ಅಜ್ಜಿಯ ಆಸೆಯಂತೆ, ನಾವಿಬ್ಬರೂ ಬರಬೇಕಂತೆ.

ಗೃಹಿಣಿಯ ಮುಖ ಕಂದಿತು. “ಮೊದಲ ಅನ್ನವೇ ಅಲ್ಲಾಗಿಹೋದ ಮೇಲೆ ನಮಗೆ ಉಳಿಯುವುದೇನು? ಬಟ್ಟಲು ತೊಳೆಯುವುದೇ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಕೃಷ್ಣಾಷ್ಟಮಿಯ ಸಂಜೆ ಮಗನು ಒಂದು ಚಿತ್ರವನ್ನು ಕಳುಹಿಸಿದನು. ಬೀಗಿತ್ತಿಯವರು ಎಲ್ಲಿಂದಲೋ ನವಿಲುಗರಿಯನ್ನು ತರಿಸಿ ಮಗುವಿನ ತಲೆಗೆ ಕಟ್ಟಿ, ತಮ್ಮ ತೊಡೆಯ ಮೇಲೆಯೇ ಕುಳ್ಳಿರಿಸಿಕೊಂಡಿದ್ದರು. ಗೃಹಿಣಿಯು ಅದನ್ನು ಬಹಳ ಹೊತ್ತು ನೋಡಿ, “ನಾಳೆ ಹೊರಡೋಣ” ಎಂದಳು. ಮಳೆಯಲ್ಲಿ ಆಗುಂಬೆಯ ಘಾಟಿಯನ್ನಿಳಿದು ಮಂಗಳೂರನ್ನು ಸೇರಿದಾಗ ರಾತ್ರಿಯಾಗಿತ್ತು.

ಮೋಂತಿ ಹಬ್ಬವೆಂದರೆ ಕನ್ಯೆ ಮರಿಯಮ್ಮನ ಜನ್ಮದಿನ. ಫರಂಗಿಪೇಟೆಯ ದಿಬ್ಬದ ಮೇಲಿರುವ ‘ಮೊಂತೆ ಮರಿಯಾನೊ’ ಇಗರ್ಜಿಯಿಂದ ಈ ಹೆಸರು ಬಂದಿತೆಂದು ಹೇಳುವರು. ಒಂಬತ್ತು ದಿನ ಮುಂಚಿನಿಂದಲೂ ಮಕ್ಕಳು ಹೂ ತಂದು ಶಿಶುರೂಪದ ಮರಿಯಮ್ಮನ ವಿಗ್ರಹಕ್ಕೆ ಅರ್ಪಿಸುವರು. ಹಬ್ಬದಂದು ಪಾದ್ರಿಗಳು ಹೊಸ ತೆನೆಗಳನ್ನು ಹರಸಿ ಮನೆಮನೆಗೂ ಹಂಚುವರು. ಮಕ್ಕಳಿಗೆ ಕಬ್ಬು ಕೊಡುವರು. ಪರದೇಶದಲ್ಲಿರುವ ಬಂಧುಗಳಿಗೆ ತೆನೆಯನ್ನು ಅಂಚೆಯಲ್ಲಿ ಕಳುಹಿಸುವವರೂ ಉಂಟು. ನಮ್ಮ ಮೊಮ್ಮಗನು ಸೇವಂತಿಗೆಯ ಎಸಳನ್ನು ಅರ್ಪಿಸುವ ಬದಲು ಬಾಯಿಗೆ ಹಾಕಿಕೊಂಡನು.

ಬೀಗಿತ್ತಿಯವರು ತೆನೆಗಳನ್ನು ಮನೆಗೆ ತಂದು, ಕಾಳು ಸುಲಿದು, ಅರೆದು, ಕಾಯಿಹಾಲಿನ ಪಾಯಸಕ್ಕೆ ಬೆರೆಸುತ್ತಿದ್ದರು. ಗೃಹಿಣಿಯು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದವಳು, “ಇದು ನಮ್ಮ ಹೊಸತಿನ ಹಬ್ಬವಲ್ಲವೇ!” ಎಂದಳು. ಮಲೆನಾಡಿನಲ್ಲಿ ಅವಳ ಅಜ್ಜಿಯೂ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟಿ, ಅದರ ಕಾಳನ್ನು ಪಾಯಸಕ್ಕೆ ಹಾಕುತ್ತಿದ್ದಳಂತೆ. ಅರೆಯುವ ಕಲ್ಲಿನ ಬಳಿ ಇಬ್ಬರೂ ಮಾತಿಗೆ ತೊಡಗಿದರು.

ಪ್ರಾರ್ಥನೆ ಮುಗಿಯಿತು. ಬೀಗಿತ್ತಿಯವರು ಪಾಯಸದ ಪಾತ್ರೆಯನ್ನು ತಂದು ನಮ್ಮ ಮುಂದಿಟ್ಟು, “ರಾಯರೇ, ಇದನ್ನು ಮನೆಯ ಹಿರಿಯರು ಹಂಚಬೇಕು. ನಮ್ಮವರಿದ್ದಾಗ ಅವರು ಹಂಚುತ್ತಿದ್ದರು. ಈಗ ಈ ಚಾವಡಿಯಲ್ಲಿ ಎಲ್ಲರಿಗಿಂತ ಹಿರಿಯರು ನೀವು” ಎಂದರು. ನಮಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಗೃಹಿಣಿಯು ಚೀಲದಿಂದ ಬೆಳ್ಳಿಯ ಬಟ್ಟಲನ್ನು ತೆಗೆದು, “ಮಗುವಿಗೆ ಇದರಲ್ಲಿ ಕೊಡಿ” ಎಂದಳು. ಅದನ್ನು ತಂದಿರುವ ಸಂಗತಿಯನ್ನು ನಮಗೂ ಹೇಳಿರಲಿಲ್ಲ. ನಾವು ಬೆರಳ ತುದಿಯಿಂದ ಒಂದು ತೊಟ್ಟನ್ನು ಮಗುವಿನ ನಾಲಗೆಗೆ ಮುಟ್ಟಿಸಿದೆವು. ಅವನು ಮುಖವನ್ನು ಕಿವಿಚಿ, ಮತ್ತೆ ಬಾಯಿ ತೆರೆದನು.

ಬಳಿಕ ಬಾಳೆಯೆಲೆ ಹಾಕಿದರು. ಬೆಂಡೆ, ಹೀರೆ, ಹರಿವೆ, ಅಂಬಟೆಕಾಯಿ ಹಾಕಿದ ಕೆಸುವಿನ ದಂಟು ಮೊದಲಾಗಿ ಏಳು ಬಗೆಯ ತರಕಾರಿಗಳಿದ್ದವು. ಮೀನು ಮಾಂಸದ ಸುಳಿವೇ ಇರಲಿಲ್ಲ. ನಮಗಾಗಿ ಇಷ್ಟು ಶ್ರಮಪಟ್ಟಿರೆಂದು ನಾವು ಸಂಕೋಚದಿಂದ ಹೇಳಿದೆವು. “ನಿಮಗಾಗಿ ಮಾಡಿದ್ದಲ್ಲ ರಾಯರೇ. ಮೋಂತಿ ಹಬ್ಬದ ಊಟ ನಮ್ಮಲ್ಲಿ ಯಾವಾಗಲೂ ಶಾಕಾಹಾರವೇ. ಅಂದು ನಿಮ್ಮನ್ನು ಕರೆದದ್ದೂ ಈ ಊಟಕ್ಕೇ” ಎಂದು ಅವರು ಮೆಲ್ಲನೆ ಹೇಳಿ, ಅನ್ನ ಬಡಿಸುತ್ತ ಮುಂದಿನ ಎಲೆಗೆ ಹೋದರು.

ನಾಲ್ಕು ವರ್ಷದ ಹಿಂದೆ ‘ಯಾವ ದಿನ’ ಎಂಬ ಒಂದು ಪ್ರಶ್ನೆಯನ್ನು ನಾವು ಕೇಳಿದ್ದರೆ ಸಾಕಾಗಿತ್ತು. ವರ್ಷದಲ್ಲಿ ನಾವು ನಿಶ್ಚಿಂತೆಯಿಂದ ಉಣ್ಣಬಹುದಾದ ದಿನವನ್ನೇ ಆರಿಸಿ ಕರೆದವರಿಗೆ ನಾವು ಆ ಮಾತನ್ನಾಡಿದ್ದೆವು. ಊಟವಾದ ಮೇಲೆ ಕ್ಷಮೆ ಬೇಡಿದೆವು. ಅವರು “ಆಗ ಬಹಳ ನೋವಾಗಿತ್ತು” ಎಂದರು. ಏನೂ ಆಗಿರಲಿಲ್ಲವೆಂದು ಹೇಳಲಿಲ್ಲ. ಹಾಗೆ ಹೇಳದಿದ್ದುದೇ ನಮಗೆ ಹಿತವಾಯಿತು.

ಗಣೇಶನ ಹಬ್ಬದ ತರುವಾಯ ನಮ್ಮ ಮನೆಯಲ್ಲಿ ಅನ್ನಪ್ರಾಶನವೂ ನಡೆಯಿತು. ಬೀಗಿತ್ತಿಯವರು ಬಂದು ಎರಡನೆಯ ತುತ್ತನ್ನು ತಿನ್ನಿಸಿದರು. ದಸರೆಯಲ್ಲಿ ಮಗುವು ತೆವಳಿ ಹೋಗಿ ಗೊಂಬೆಗಳ ಕೆಳಸಾಲನ್ನು ಕೆಡವಿದನು. ದೀಪಾವಳಿಯ ನರಕಚತುರ್ದಶಿಯಂದು ಎಣ್ಣೆನೀರಿನಲ್ಲಿ ಅತ್ತನು. ಕ್ರಿಸ್‌ಮಸ್ಸಿಗೆ ಮಂಗಳೂರಿನಲ್ಲಿ ನೆವ್ರಿ ಕರಿಯುವಾಗ ಕಡುಬಿಗೆ ಅಂಚು ಮಡಿಸುವ ಕೆಲಸ ನಮ್ಮ ಗೃಹಿಣಿಯ ಪಾಲಿಗೆ ಬಂದಿತು. ಮೊಮ್ಮಗನು ಗೋದಲಿಯೊಳಗಿನ ಕುರಿಮರಿಯನ್ನು ಕಚ್ಚಿದನು. 2024ರ ಸಂಕ್ರಾಂತಿಗೆ ಎರಡು ಮನೆಯವರೂ ಸೇರಿ ಅವನ ತಲೆಯ ಮೇಲೆ ಎಲಚಿಹಣ್ಣು ಎರೆದೆವು.

ಒಂದು ತೊಟ್ಟು ಪಾಯಸದಿಂದ ಎಲ್ಲವೂ ತೀರ್ಮಾನವಾಯಿತೆಂದು ವಾಚಕರು ತಿಳಿಯಬಾರದು. ಒಬ್ಬ ಅಜ್ಜಿಗೆ ಜ್ಞಾನಸ್ನಾನದ ಹಂಬಲ, ಇನ್ನೊಬ್ಬಳಿಗೆ ಉಪನಯನದ ಹಂಬಲ. ಅವನು ಬೆಳೆದು ತಾನೇ ಹೇಳಲಿ ಎಂದು ತಂದೆತಾಯಿಗಳು ಎರಡನ್ನೂ ತಡೆದಿರುವರು. ಈ ವಿಷಯದಲ್ಲಿ ಅಜ್ಜಿಯರಿಬ್ಬರಿಗೂ ಅಸಮಾಧಾನವಿದೆ. ಆದರೆ ಈಗ ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಅಂದು ಬೀಗಿತ್ತಿಯವರು ಕೊಟ್ಟ ತೆನೆಯನ್ನು ಗೃಹಿಣಿಯು ನಮ್ಮ ಬಾಗಿಲ ಚೌಕಟ್ಟಿಗೆ ಕಟ್ಟಿದಳು. ಯುಗಾದಿಗೆ ಮಾವಿನ ತೋರಣವನ್ನು ಕಟ್ಟುವಾಗ ನಾವು ಅದನ್ನು ಬಿಚ್ಚಲು ಕೈಯೆತ್ತಿದೆವು. “ಇರಲಿ, ಮುಂದಿನ ಮೋಂತಿಯವರೆಗೆ ಇರಬೇಕು” ಎಂದಳು. ತೋರಣವನ್ನು ಅದರ ಪಕ್ಕಕ್ಕೆ ಕಟ್ಟಿದೆವು.