ಮನೆಗೆ ಬುದ್ಧಿ ಕಲಿಸಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಗೆ ಬುದ್ಧಿ ಕಲಿಸಿ ನೋಡು ಎಂದು ಅವರು ಹೇಳಲಿಲ್ಲ. ಬುದ್ಧಿ ಬೇಕಾದದ್ದು ಮನೆಯೊಳಗಿನ ಜನರಿಗೆ ಎಂಬುದು ಅವರ ಕಾಲದ ನಂಬಿಕೆ. ಈಗ ದೀಪಕ್ಕೆ ಬುದ್ಧಿ ಬಂದಿದೆ, ಬೀಗಕ್ಕೆ ಬಂದಿದೆ, ಫ್ಯಾನಿಗೂ ಬಂದಿದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವ ನಾನು ಈ ವ್ಯವಹಾರಕ್ಕೆ ಕೈಹಾಕಿದ್ದು ವಿನೋದಕ್ಕಾಗಿ ಅಲ್ಲ.

ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ತಂದೆಯವರು ಒಬ್ಬರೇ ಇದ್ದಾರೆ. ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಕಳೆದ ಆಷಾಢದ ಒಂದು ರಾತ್ರಿ, ಬಚ್ಚಲಿಗೆ ಹೋಗಲೆಂದು ಎದ್ದವರು ಕತ್ತಲಲ್ಲಿ ಸ್ಟೂಲಿಗೆ ಎಡವಿ ಬಿದ್ದರು. ಸ್ವಿಚ್ಚು ಇರುವುದು ಬಾಗಿಲ ಬಳಿ. ಮಂಚದಿಂದ ಐದು ಹೆಜ್ಜೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಬೆಳಗ್ಗೆ ಹಾಲಿನವನು ಬಂದು ಕೂಗುವವರೆಗೂ ಅವರು ನೆಲದ ಮೇಲೆಯೇ ಇದ್ದರೆಂಬ ಸಂಗತಿ ನನಗೆ ತಿಳಿದದ್ದು ಎರಡು ದಿನಗಳ ಅನಂತರ, ಅದೂ ಹಾಲಿನವನಿಂದ.

"ಬೆಂಗಳೂರಿಗೆ ಬಂದುಬಿಡಿ ಅಪ್ಪ" ಎಂದೆ.

"ನಿಮ್ಮಮ್ಮ ಬಾಳಿದ ಮನೆ ಕಣೋ ಇದು. ಬೀಗ ಹಾಕೋದಕ್ಕೆ ಕೈ ಬರೋಲ್ಲ" ಎಂದರು.

ಮಾತು ಅಲ್ಲಿಗೆ ಮುಗಿಯಿತು. ಅವರು ನನ್ನ ಬಳಿಗೆ ಬಾರದಿದ್ದರೆ ಬೆಳಕಾದರೂ ಅವರ ಬಳಿಗೆ ಹೋಗಲಿ ಎಂದು ನಿಶ್ಚಯಿಸಿದೆ. ಕರೆದರೆ ಓಗೊಡುವ ದೀಪಗಳು ಪೇಟೆಯಲ್ಲಿವೆ. ಅವುಗಳಲ್ಲಿ ಯಾವ ಏರ್ಪಾಟನ್ನು ಹೂಡುವುದು ಸುಲಭವೆಂದು ಬಂಧುಮಿತ್ರರ ಮನೆಗಳನ್ನು ಸುತ್ತಿ ವಿಚಾರಿಸಿದೆ.

ತಂಗಿಯ ಮನೆಯಲ್ಲಿರುವುದು ಅಮೆಜಾನ್ ಸಂಸ್ಥೆಯ ಅಲೆಕ್ಸಾ. 2014ರಲ್ಲಿ ಅಮೆರಿಕದಲ್ಲಿ ಹುಟ್ಟಿ 2017ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟವಳು. ಎಕೋ ಎಂಬ ಪುಟ್ಟ ಪೆಟ್ಟಿಗೆಯನ್ನು ಪ್ಲಗ್ಗಿಗೆ ಸಿಕ್ಕಿಸಿ, ಮೊಬೈಲಿನಲ್ಲಿ ಅದರ ಆ್ಯಪ್ ತೆರೆದು, ವೈಫೈ ಪಾಸ್‌ವರ್ಡ್ ಒಪ್ಪಿಸಿದರೆ ಕಾಫಿ ಆರುವಷ್ಟರಲ್ಲಿ ಮಾತಿಗೆ ಸಿದ್ಧಳಾಗುತ್ತಾಳೆ. 2018ರಲ್ಲಿ ಇಲ್ಲಿಗೆ ಬಂದ ಗೂಗಲ್ ಹೋಮ್ ಕೂಡ ಹೆಚ್ಚುಕಡಿಮೆ ಅಷ್ಟೇ ಸುಲಭ. ತೊಡಕು ಇರುವುದು ಮಾತನಾಡುವ ಪೆಟ್ಟಿಗೆಯಲ್ಲಲ್ಲ, ಬಲ್ಬಿನಲ್ಲಿ. ಅನೇಕ ಬಲ್ಬುಗಳಿಗೆ ತಯಾರಕರದೇ ಬೇರೊಂದು ಆ್ಯಪ್, ಅಲ್ಲಿಯೂ ಒಂದು ಖಾತೆ. ಬಳಿಕ ಎರಡು ಖಾತೆಗಳಿಗೂ ಜಾತಕ ಕೂಡಿಸಿ ಸಂಬಂಧ ಬೆಳೆಸಬೇಕು. ಸಾಲದೆಂಬಂತೆ, ವೈಫೈ ಬಲ್ಬುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು. ಫೋನು 5 ಗಿಗಾಹರ್ಟ್ಸ್‌ನಲ್ಲಿದ್ದರೆ ಒಂದನ್ನೊಂದು ಕಾಣದೆ ಗಂಟೆಗಟ್ಟಲೆ ಹುಡುಕಾಡುವುದುಂಟು.

ಆಪಲ್ ಹೋಮ್ ಭಾವಮೈದುನನ ಮನೆಯಲ್ಲಿದೆ. ಬಲ್ಬಿನ ಮೇಲೆ ಅಚ್ಚಾದ ಎಂಟು ಅಂಕಿಗಳ ಸಂಕೇತವನ್ನು ಐಫೋನಿಗೆ ತೋರಿಸಿದರೆ ಕೆಲಸ ಮುಗಿಯಿತು. ಇಷ್ಟು ಅಚ್ಚುಕಟ್ಟು ಬೇರೆಲ್ಲೂ ಕಾಣೆ. ಆದರೆ ಐಫೋನೋ ಐಪ್ಯಾಡೋ ಇರಲೇಬೇಕು. ಹೊರಗಿನಿಂದ ದೀಪ ನಿಯಂತ್ರಿಸಬೇಕಾದರೆ ಆಪಲ್ ಟಿವಿಯೋ ಹೋಮ್‌ಪಾಡೋ ಮನೆಯಲ್ಲಿ ಸದಾ ಎಚ್ಚರವಾಗಿರಬೇಕು. ಭೌತಶಾಸ್ತ್ರ ವಿಭಾಗದ ಗೆಳೆಯರು ಮಾತ್ರ ಇವೆಲ್ಲವನ್ನೂ ಕಂಡು ನಕ್ಕರು. ಅವರದು 2013ರಲ್ಲಿ ಆರಂಭವಾದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಅದನ್ನು ತಾವೇ ಪ್ರತಿಷ್ಠಾಪಿಸಿಕೊಂಡಿದ್ದಾರೆ. ಇಂಟರ್‌ನೆಟ್ ಕಡಿದರೂ ಮನೆಯ ದೀಪಗಳು ಅವರ ಮಾತು ಕೇಳುತ್ತವೆ. ಹೂಡಲು ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದೆ. "ಎರಡು ಭಾನುವಾರ" ಎಂದು ಅವರು ಉತ್ಸಾಹದಿಂದಲೇ ಹೇಳಿದರು. ಅವರ ಪತ್ನಿ ಒಳಗಿನಿಂದ "ನಾಲ್ಕು" ಎಂದು ತಿದ್ದಿದರು.

ಅತಿ ಸುಲಭವಾದ ಒಂದನ್ನು ಆರಿಸಿಕೊಂಡು ಮೈಸೂರಿಗೆ ಹೋದೆ. ಯಾವುದೆಂದು ಹೆಸರಿಸಲಾರೆ, ಮುಂದೆ ನಡೆದದ್ದರಲ್ಲಿ ತಪ್ಪು ಅದರದ್ದಲ್ಲ. ಹದಿನೈದು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಕೊನೆಗೆ ತಂದೆಯವರನ್ನೂ ಸೇರಿಸಬೇಕೆಂದು ನನ್ನ ಫೋನಿನಿಂದ ಅವರ ಫೋನಿಗೊಂದು ಸಂದೇಶ ಕಳುಹಿಸಿದೆ. ಅವರು ಕನ್ನಡಕ ಏರಿಸಿ ಓದಿದರು. ಮನೆಯ ಒಡೆಯರು ನಿಮ್ಮನ್ನು ಸದಸ್ಯರಾಗಿ ಆಹ್ವಾನಿಸಿದ್ದಾರೆ ಎಂಬುದು ಅದರ ತಾತ್ಪರ್ಯ.

"ಈ ಮನೆ ಸಾಲ ತೀರಿಸೋದಕ್ಕೆ ನನಗೆ ಹದಿನೈದು ವರ್ಷ ಹಿಡೀತು. ಈಗ ನನ್ನ ಮನೆಗೆ ನನಗೇ ಆಹ್ವಾನವೇನೋ?" ಎಂದು ನಕ್ಕರು. ನಾನೂ ನಕ್ಕೆ. ಆದರೆ ರೈಲಿನಲ್ಲಿ ಹಿಂದಿರುಗುವಾಗ ಆ ಮಾತು ಮುಳ್ಳಿನಂತೆ ಒತ್ತುತ್ತಿತ್ತು.

ವಾರ ಕಳೆಯುವುದರೊಳಗೆ ದೂರುಗಳು ಬಂದವು. ಕೋಣೆ ಬಿಟ್ಟು ಹೊರಡುವಾಗ ಗೋಡೆಯ ಸ್ವಿಚ್ಚು ಆರಿಸುವುದು ತಂದೆಯವರ ಆಜನ್ಮ ವ್ರತ. ಸ್ವಿಚ್ಚು ಆರಿದರೆ ಬಲ್ಬಿಗೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದ ಬಲ್ಬಿಗೆ ಬುದ್ಧಿಯೂ ಇಲ್ಲ. ರಾತ್ರಿ ಎಷ್ಟು ಕರೆದರೂ ದೀಪ ಹೊತ್ತದೆ, ಬೆಳಗಾಗುವವರೆಗೆ ಅವರು ಮಂಚ ಬಿಟ್ಟು ಇಳಿಯಲಿಲ್ಲವಂತೆ. ಇನ್ನೊಂದು ರಾತ್ರಿ ಹೋಗಿದ್ದ ಕರೆಂಟು ಎರಡು ಗಂಟೆಗೆ ಬಂದಾಗ, ಆರಿಸಿದ್ದ ಬಲ್ಬು ತಾನಾಗಿಯೇ ಝಗ್ಗನೆ ಹೊತ್ತಿತು. ಕಳ್ಳರೆಂದು ಎದ್ದು ಕುಳಿತರು. ಇದರ ಮೇಲೆ ಭಾಷೆಯ ಕಷ್ಟ. ಪೆಟ್ಟಿಗೆಗೆ ಇಂಗ್ಲಿಷ್ ತಿಳಿಯುತ್ತಿತ್ತು, ಹಿಂದಿ ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಸಂಜೆ ಹಚ್ಚಿದ ದೀಪವನ್ನು ಆರಿಸು ಎನ್ನುವ ರೂಢಿಯೇ ಇಲ್ಲ; "ದೀಪ ಶಾಂತ ಮಾಡು" ಎನ್ನುತ್ತಿದ್ದರು ನಮ್ಮ ತಾಯಿ. ತಂದೆಯವರು ಪೆಟ್ಟಿಗೆಗೂ ಹಾಗೆಯೇ ಹೇಳಿದರು. ಅದು ಕ್ಷಮೆ ಕೇಳಿತು.

ಸ್ವಿಚ್ಚು ಮುಟ್ಟಬೇಡಿರೆಂದು ಫೋನಿನಲ್ಲಿ ಗದರಿದೆ. "ಆಗಲಪ್ಪ" ಎಂದರು. ತಪ್ಪು ಮಾಡಿದ ವಿದ್ಯಾರ್ಥಿಯ ಧ್ವನಿ ಅದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮನುಷ್ಯನಿಂದ ಆ ಧ್ವನಿ ಕೇಳಿ ನನಗೆ ನಾಚಿಕೆಯಾಯಿತು. ಮನೆಗೆ ಬುದ್ಧಿ ಕಲಿಸಲು ಹೊರಟವನು ತಂದೆಗೆ ಬುದ್ಧಿ ಹೇಳುತ್ತಿದ್ದೆ. ಯಾವುದು ಸುಲಭವೆಂದು ಊರೆಲ್ಲ ಕೇಳಿದೆನಲ್ಲ, ಯಾರಿಗೆ ಸುಲಭವೆಂದು ನನ್ನನ್ನೇ ನಾನು ಕೇಳಿಕೊಂಡಿರಲಿಲ್ಲ. ಹೂಡುವವನಿಗೆ ಅದು ಒಂದು ದಿನದ ಕೆಲಸ. ಬಾಳುವವರಿಗೆ ಪ್ರತಿ ರಾತ್ರಿಯದು.

ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ನನ ಜೊತೆಗೆ ಹೋದೆ. ಈ ಸಲ ಬುದ್ಧಿಯನ್ನು ಬಲ್ಬಿಗೆ ಕೊಡದೆ ಗೋಡೆಯೊಳಗೆ, ಹಳೆಯ ಸ್ವಿಚ್ಚಿನ ಹಿಂದೆ, ಬೆಂಕಿಪೊಟ್ಟಣದಂಥ ಒಂದು ಮಾಡ್ಯೂಲಿನಲ್ಲಿ ಅಡಗಿಸಿದೆವು. ಹಳೆಯ ಮನೆಯಾದ್ದರಿಂದ ಸ್ವಿಚ್ ಬಾಕ್ಸಿನಲ್ಲಿ ನ್ಯೂಟ್ರಲ್ ತಂತಿ ಇರಲಿಲ್ಲ. ಅದನ್ನು ಎಳೆದು ತರುವುದಕ್ಕೇ ಅರ್ಧ ದಿನ ಹಿಡಿಯಿತು. ಮಂಚದ ಕೆಳಗೊಂದು ಸಂವೇದಕ ಇಟ್ಟೆವು. ಕಾಲು ನೆಲಕ್ಕೆ ಇಳಿದರೆ ದೀಪ ಹೊತ್ತಬೇಕು, ಕರೆಯಬೇಕಾಗಿಲ್ಲ. ಸ್ವಿಚ್ಚನ್ನು ಎಂದಿನಂತೆ ಒತ್ತಿದರೂ ಸರಿ, ಯಾವ ತಕರಾರೂ ಇಲ್ಲ.

ಹಳೆಯ ಖಾತೆಯನ್ನು ಅಳಿಸಿ, ತಂದೆಯವರ ಫೋನಿನಲ್ಲಿ, ಅವರ ಹೆಸರಿನಲ್ಲಿಯೇ ಹೊಸದಾಗಿ ಆರಂಭಿಸಿದೆವು. ಎರಡು ವಸ್ತುಗಳೂ 2022ರಲ್ಲಿ ಬಂದ ಮ್ಯಾಟರ್ ಎಂಬ ಸಾಮಾನ್ಯ ನಿಯಮಕ್ಕೆ ಒಳಪಟ್ಟವು. ಅಮೆಜಾನ್, ಗೂಗಲ್, ಆಪಲ್ ಮೂವರೂ ಒಪ್ಪಿಕೊಂಡ ಭಾಷೆ ಅದು. ಪ್ರತಿಯೊಂದಕ್ಕೂ ಹನ್ನೊಂದು ಅಂಕಿಗಳ ಸಂಕೇತ. ಗಣಿತದ ಮೇಷ್ಟರು ಒಂದೊಂದೇ ಅಂಕಿಯನ್ನು ತಾವೇ ಒತ್ತಿದರು. ಬಳಿಕ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ದಿನಾಂಕ ಸಹಿತ ಬರೆದಿಟ್ಟುಕೊಂಡರು. ಅಂದು ನಮಗೆ ಹಿಡಿದದ್ದು ಏಳು ಗಂಟೆ. ನಾನು ಕಂಡ ಏರ್ಪಾಟುಗಳಲ್ಲೆಲ್ಲ ಸುಲಭವಾದದ್ದು ಇದೇ ಎಂದು ಈಗ ಹೇಳಬಲ್ಲೆ.

ಕರೆಂಟು ಹೋದರೆ ಯಾವ ಬುದ್ಧಿಯೂ ನಡೆಯದಾದ್ದರಿಂದ ದಿಂಬಿನ ಕೆಳಗೊಂದು ಟಾರ್ಚು ಇದ್ದೇ ಇದೆ.

ಮೊನ್ನೆ ಬೆಳಗ್ಗೆ ಅವರೇ ಫೋನು ಮಾಡಿದರು. "ರಾತ್ರಿ ಎದ್ದಿದ್ದೆ ಕಣೋ. ದೀಪ ಹತ್ತಿಕೊಳ್ತು. ಹೋಗಿಬಂದು ಮಲಗಿದೆ" ಎಂದರು. ತುಸು ತಡೆದು, "ನಿನಗೊಂದು ಆಹ್ವಾನ ಕಳಿಸಿದ್ದೀನಿ, ನೋಡು" ಎಂದರು.

ತೆರೆದು ನೋಡಿದೆ. ಮನೆಯ ಒಡೆಯರು ನನ್ನನ್ನು ಸದಸ್ಯನಾಗಿ ಆಹ್ವಾನಿಸಿದ್ದರು. ಒಪ್ಪಿಗೆಯ ಗುಂಡಿ ಒತ್ತಿ, ಶನಿವಾರದ ರೈಲಿಗೆ ಟಿಕೆಟು ತೆಗೆಸಿದೆ.